ನಮ್ಮ ಕಡೆ ಅಂಥವರು ಯಾರೂ ಇಲ್ಲ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾನೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಹೇಳಿದರೆ ಇನ್ನೂ ಎರಡು ಸೇರಿಸಿಯೇ ಹೇಳುತ್ತಾಳೆ. ಪಕ್ಕದ ತೋಟದವನ ತೆಂಗು ಗೊನೆ ಭಾರಕ್ಕೆ ಬಾಗಿದರೂ ನನಗೇನೂ ಆಗುವುದಿಲ್ಲ. ಅವನು ಹೊಸ ಟ್ರ್ಯಾಕ್ಟರ್ ತಂದಾಗ ಪೂಜೆಗೆ ಹೋಗಿ, ಮಂಡಕ್ಕಿ ಚರ್ಪು ತಿಂದು, "ಚೆನ್ನಾಗೈತೆ ಕಣಪ್ಪ" ಎಂದು ಬಂದವನು ನಾನು. ಆ ಮಾತಿನಲ್ಲಿ ಕಪಟ ಇರಲಿಲ್ಲ. ಆದರೆ ಒಬ್ಬ ಮನುಷ್ಯ ನನ್ನ ಕಣ್ಣೆದುರು ನನಗಿಂತ ಚೆನ್ನಾಗಿ ಎಲೆಕ್ಟ್ರಿಕ್ ಗಿಟಾರ್ ನುಡಿಸಿಬಿಟ್ಟರೆ ಹೊಟ್ಟೆಯೊಳಗೆ ತೆಂಗಿನ ಮಟ್ಟೆಗೆ ಬೆಂಕಿ ಬಿದ್ದ ಹಾಗೆ ಆಗುತ್ತದೆ. ಮಟ್ಟೆಯ ಬೆಂಕಿ ಗೊತ್ತಲ್ಲ, ಉರಿ ಕಾಣುವುದಿಲ್ಲ, ಆರುವುದೂ ಇಲ್ಲ, ಮೂರು ದಿನ ಹೊಗೆಯಾಡುತ್ತಲೇ ಇರುತ್ತದೆ. ನಮ್ಮ ಸುತ್ತಮುತ್ತ ಹಾಗೆ ನುಡಿಸುವವರು ಯಾರೂ ಇರಲಿಲ್ಲವಾದ್ದರಿಂದ ನಾನು ಬಹಳ ವರ್ಷ ನೆಮ್ಮದಿಯಾಗಿದ್ದೆ.

ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯಲ್ಲಿ ನಮ್ಮ ತೋಟ. ಹಗಲು ತೋಟದ ಕೆಲಸ, ಮದುವೆ ಕಾಲದಲ್ಲಿ ಸಂಜೆ ಆರ್ಕೆಸ್ಟ್ರಾದಲ್ಲಿ ಲೀಡ್ ಗಿಟಾರ್. ಇಪ್ಪತ್ತು ವರ್ಷದ ಮೇಲಾಯಿತು. ಮೂರು ತಾಲ್ಲೂಕಿನಲ್ಲಿ ನಾನು ನುಡಿಸದ ಕಲ್ಯಾಣ ಮಂಟಪ ಇಲ್ಲ. ಭಾನುವಾರ ನಾಲ್ಕಾರು ಮಂದಿಗೆ ಪಾಠ ಹೇಳುತ್ತೇನೆ, ಹಾಗಾಗಿ ಊರಿಗೆಲ್ಲ ನಾನು ಗಿಟಾರ್ ಮೇಷ್ಟ್ರು.

ಲೀಡ್ ಗಿಟಾರ್ ಎಂದರೆ ಮುಂದೆ ನಿಲ್ಲುವವನು ಎಂದು ಯಾರಾದರೂ ತಿಳಿದಿದ್ದರೆ ಅದು ಅವರ ಭ್ರಮೆ. ನಾನು ನಿಲ್ಲುವುದು ಕೀಬೋರ್ಡಿನವನ ಹಿಂದೆ, ಹೂವು ಸುತ್ತಿದ ಕಂಬದ ಮರೆಯಲ್ಲಿ. ಮದುವೆಯ ವಿಡಿಯೋದಲ್ಲಿ ಕ್ಯಾಮೆರಾ ಗಾಯಕನನ್ನು ತೋರಿಸುತ್ತದೆ, ಗಾಯಕಿಯನ್ನು ತೋರಿಸುತ್ತದೆ, ತುಪ್ಪ ಬಡಿಸುವವನನ್ನೂ ಬಿಡದೆ ತೋರಿಸುತ್ತದೆ. ನನ್ನದು ಬಂದರೆ ಒಂದು ಮೊಣಕೈ. ಒಂದು ಆರತಕ್ಷತೆಯಲ್ಲಿ ಗಾಯಕ ನನಗೆ ಸೋಲೋ ಬಿಟ್ಟುಕೊಟ್ಟ. ಅಂದರೆ ಅಷ್ಟು ಹೊತ್ತು ಹಾಡು ನಿಲ್ಲಿಸಿ ಗಿಟಾರ್ ಒಂದನ್ನೇ ಕೇಳಿಸುವುದು. ನಾನು ಕಣ್ಣು ಮುಚ್ಚಿ, ಮೈಮರೆತು ನುಡಿಸುತ್ತಿದ್ದೆ. ಆ ಪುಣ್ಯಾತ್ಮ ಮೈಕು ತೆಗೆದುಕೊಂಡು, "ಬಿಳಿ ಬಣ್ಣದ ಕಾರು ಗೇಟಿಗೆ ಅಡ್ಡ ನಿಂತಿದೆ, ದಯವಿಟ್ಟು ತೆಗೀರಿ" ಎಂದ. ಸೋಲೋ ಮುಗಿದ ಮೇಲೆ ಚಪ್ಪಾಳೆ ಬಂತು, ಆದರೆ ಅದು ಕಾರು ತೆಗೆದದ್ದಕ್ಕೆ.

ಈ ಗಾಯಕ್ಕೆ ನಾನು ಮುಲಾಮು ಹುಡುಕಿಕೊಂಡಿದ್ದು ಬ್ಲೂಸ್ ಮತ್ತು ರಾಕ್ ಸಂಗೀತದಲ್ಲಿ. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನ ತಮ್ಮ ಸಂಕಟವನ್ನು ಹಾಡಿ ಕಟ್ಟಿದ್ದು ಬ್ಲೂಸ್. ಅದಕ್ಕೆ ಕರೆಂಟು ಕೊಟ್ಟು, ಸದ್ದು ಏರಿಸಿ, ಕುಣಿಸಿದರೆ ರಾಕ್. ಅಲ್ಲಿಯೂ ಹತ್ತು ಜನ ಹೆಸರು ಮಾಡಿದ ಗಿಟಾರಿನವರಿದ್ದರೆ, ಅವರಿಗೆ ಸರಿಸಮನಾಗಿ ನುಡಿಸಿಯೂ ಕತ್ತಲಲ್ಲೇ ಉಳಿದವರು ನೂರು ಜನ. ಜೀವಮಾನವಿಡೀ ಒಬ್ಬ ಗಾಯಕನ ಬೆನ್ನ ಹಿಂದೆ ನಿಂತವರು, ಕ್ಯಾಸೆಟ್ಟಿನ ಮೇಲೆ ಇರುವೆ ಗಾತ್ರದ ಅಕ್ಷರದಲ್ಲಿ ಹೆಸರು ಅಚ್ಚಾದವರು, ಅದೂ ಇಲ್ಲದವರು, ಹಗಲು ಲಾರಿ ಓಡಿಸಿ ಸಂಜೆ ನುಡಿಸಿದವರು. ಅಂಥವರನ್ನು ಹುಡುಕಿ ಹುಡುಕಿ ಕೇಳುವುದೇ ನನ್ನ ಚಟವಾಯಿತು. ಅವರ ಬಗ್ಗೆ ಮಾತಾಡುವುದು ಅದಕ್ಕಿಂತ ದೊಡ್ಡ ಚಟವಾಯಿತು.

ತಿಂಗಳಿಗೊಂದು ಭಾನುವಾರ, ಮಾರುಕಟ್ಟೆಯ ಹತ್ತಿರ ಒಂದು ಕೊಬ್ಬರಿ ಗೋದಾಮಿನ ಮಹಡಿಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಸೇರುತ್ತೇವೆ. ಕಾಲೇಜು ಹುಡುಗ ಹುಡುಗಿಯರು, ಬ್ಯಾಂಕಿನ ಇಬ್ಬರು, ಹಲ್ಲಿನ ಡಾಕ್ಟರು, ಅವರ ತಂಗಿ. ಕೆಳಗಿನಿಂದ ಕೊಬ್ಬರಿಯ ಕಮಟು ವಾಸನೆ ಬರುತ್ತಿರುತ್ತದೆ, ಮೇಲೆ ನಾನು ಒಬ್ಬೊಬ್ಬ ಅಜ್ಞಾತ ಗಿಟಾರಿಗನ ಕತೆ ಹೇಳಿ, ಅವನ ನುಡಿಸಾಣಿಕೆ ಕೇಳಿಸಿ, ಕೊನೆಗೆ ನನಗೆ ಬಂದಷ್ಟು ನುಡಿಸಿ ತೋರಿಸುತ್ತೇನೆ. "ಲೋಕಕ್ಕೆ ಕಿವಿ ಇಲ್ಲ ಕಣ್ರೀ" ಎನ್ನುವುದು ನನ್ನ ಪಲ್ಲವಿ. ಇದನ್ನೆಲ್ಲ ಒಬ್ಬರು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುತ್ತಾರೆ, ಅದನ್ನು ದೂರದೂರದವರೂ ನೋಡುತ್ತಾರೆ.

ಹೀಗಿರುವಾಗ ನಮ್ಮ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು. ಯಾವಾಗಲೂ ರಿಪೇರಿಗೆ ಕೊಡುತ್ತಿದ್ದ ತಿಪಟೂರಿನ ಅಂಗಡಿಯವನು, "ಹತ್ ದಿನ ಆಗ್ತದೆ, ಕ್ಯೂ ಐತೆ" ಎಂದ. ಹೊನ್ನವಳ್ಳಿಯಲ್ಲಿ ಒಬ್ಬ ಒಳ್ಳೆಯ ವೈಂಡಿಂಗ್‌ನವನಿದ್ದಾನೆ, ಸುಟ್ಟ ಮೋಟಾರಿಗೆ ಹೊಸ ತಾಮ್ರದ ತಂತಿ ಸುತ್ತಿ ಕಾಯಿಲ್ ಕಟ್ಟುವುದರಲ್ಲಿ ಗಟ್ಟಿಗ ಎಂದು ಯಾರೋ ಹೇಳಿದರು. ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಹೋದೆ. ಊರೊಳಗೆ ಒಂದು ಟ್ರಾನ್ಸ್‌ಫಾರ್ಮರಿನ ಪಕ್ಕ ತಗಡಿನ ಶೆಡ್ಡು. ಮಧ್ಯಾಹ್ನ ಎರಡು ಗಂಟೆಯಿರಬೇಕು. ತ್ರೀ ಫೇಸ್ ಕರೆಂಟು ಆಗತಾನೆ ಹೋಗಿತ್ತು, ಸುತ್ತಲ ತೋಟದ ಪಂಪುಗಳೆಲ್ಲ ಒಟ್ಟಿಗೇ ನಿಂತು ಊರು ಗಪ್‌ಚಿಪ್ ಆಗಿತ್ತು.

ಆ ಮೌನದಲ್ಲಿ ಶೆಡ್ಡಿನೊಳಗಿನಿಂದ ಗಿಟಾರ್ ಕೇಳಿತು.

ಮೊದಲು ಯಾರೋ ರೆಕಾರ್ಡ್ ಹಾಕಿದ್ದಾರೆ ಎಂದುಕೊಂಡೆ. ಹೊನ್ನವಳ್ಳಿಯಲ್ಲೂ ಬ್ಲೂಸ್ ಕೇಳುವವರಿದ್ದಾರಲ್ಲ ಎಂದು ಖುಷಿಯೇ ಆಯಿತು. ಅಷ್ಟರಲ್ಲಿ ನುಡಿಸುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿ ಕೆಮ್ಮಿ, ನಿಲ್ಲಿಸಿದಲ್ಲಿಂದಲೇ ಮತ್ತೆ ಎತ್ತಿಕೊಂಡ. ರೆಕಾರ್ಡು ಕೆಮ್ಮುವುದಿಲ್ಲ. ನಾನು ಮೋಟಾರನ್ನು ಆಟೋದಲ್ಲೇ ಬಿಟ್ಟು ಬಾಗಿಲಿಗೆ ಹೋಗಿ ನಿಂತೆ.

ನಲವತ್ತು ವರ್ಷದ, ಸಣಕಲು ಮೈಯ, ಬನಿಯನ್ನಿನ ಮೇಲೆ ವಾರ್ನಿಷ್ ಕಲೆಗಳಿದ್ದ ಒಬ್ಬ ಮನುಷ್ಯ ಮರದ ಸ್ಟೂಲಿನ ಮೇಲೆ ಕೂತಿದ್ದ. ಗಿಟಾರು ಅಗ್ಗದ್ದು, ಬಣ್ಣ ಕಿತ್ತದ್ದು. ಮದುವೆ ಮನೆಯ ಧ್ವನಿವರ್ಧಕದ ಹಳೆಯ ಆಂಪ್ಲಿಫೈಯರಿಗೆ ಅದನ್ನು ಸಿಕ್ಕಿಸಿದ್ದ. ಎಡಗೈಯ ಕಿರುಬೆರಳಿಗೆ ಮೋಟಾರಿನೊಳಗಿನ, ಉಂಗುರದಂಥ ಒಂದು ಹಿತ್ತಾಳೆ ಬುಷ್ ತೊಟ್ಟು, ಅದನ್ನೇ ತಂತಿಯ ಮೇಲೆ ಜಾರಿಸುತ್ತಿದ್ದ. ಹಾಗೆ ಜಾರಿಸಿ ನುಡಿಸುವುದಕ್ಕೆ ಸ್ಲೈಡ್ ಎನ್ನುತ್ತಾರೆ. ನನಗೆ ಅದು ಇವತ್ತಿಗೂ ಒಲಿದಿಲ್ಲ. ಅವನ ಕೈಯಲ್ಲಿ ಒಂದೇ ಒಂದು ಸ್ವರ ಮೇಲಕ್ಕೆ ಹೋಗಿ, ತಲುಪಬೇಕಾದ ಜಾಗಕ್ಕೆ ಕೂದಲೆಳೆ ಮುಂಚೆ ನಿಂತು, ಅಲ್ಲೇ ನಡುಗಿತು. ನನ್ನ ಕಣ್ಣಲ್ಲಿ ನೀರು ಬಂತು. ನೀರು ಬಂದದ್ದಕ್ಕೆ ಅವನ ಮೇಲೆ ಸಿಟ್ಟು ಬಂತು. ಎಲಾ ಇವನ, ಯಾರು ಹೇಳಿಕೊಟ್ಟರು ಇವನಿಗೆ?

ಯಾರೂ ಹೇಳಿಕೊಟ್ಟಿರಲಿಲ್ಲ. ವರ್ಷಗಳ ಹಿಂದೆ ಯಾರೋ ರಿಪೇರಿಗೆ ಕೊಟ್ಟು ಹೋದ ಟೇಪ್‌ರೆಕಾರ್ಡರಿನೊಳಗೆ ಒಂದು ಕ್ಯಾಸೆಟ್ ಉಳಿದಿತ್ತಂತೆ. ಕೊಟ್ಟವರು ಮತ್ತೆ ಬರಲಿಲ್ಲ. ತ್ರೀ ಫೇಸ್ ಹೋದಾಗ ಮೋಟಾರುಗಳನ್ನು ಓಡಿಸಿ ನೋಡಲು ಆಗುವುದಿಲ್ಲ, ಆದರೆ ಸಿಂಗಲ್ ಫೇಸ್ ಇರುತ್ತದಲ್ಲ, ಆಂಪ್ಲಿಫೈಯರಿಗೆ ಅಷ್ಟು ಸಾಕು. ಆ ಬಿಡುವಿನಲ್ಲಿ ಕ್ಯಾಸೆಟ್ ಕೇಳುತ್ತ, ನಿಲ್ಲಿಸುತ್ತ, ಹಿಂದಕ್ಕೆ ಸುತ್ತುತ್ತ ಹದಿನೈದು ವರ್ಷ ಕಲಿತಿದ್ದ. ಗಿಟಾರಿನ ಶ್ರುತಿಯನ್ನು ಪಕ್ಕದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಟ್ಟುವ ಸದ್ದಿಗೆ ಕೂಡಿಸುತ್ತಿದ್ದ. "ಅದೊಂದೇ ನೋಡಿ ಮೇಷ್ಟ್ರೇ, ದಿನಾ ಒಂದೇ ಸಮ ಗುಂಯ್ ಅನ್ನದು" ಎಂದ.

"ಕ್ಯಾಸೆಟ್ಟಲ್ಲಿ ನುಡಿಸಿರೋರು ಯಾರು ಅಂತ ಗೊತ್ತಾ?" ಎಂದೆ.

"ಎಲ್ಲಿ ಗೊತ್ತಾಯ್ತದೆ. ಮೇಲೆ ಏನೂ ಬರ್ದಿಲ್ಲ. ನಿಮಗೇನಾರ ಗೊತ್ತಾ?"

ಅವನು ಕೇಳಿಸಿದ. ನನಗೆ ಎರಡನೇ ಸಾಲಿಗೇ ಗೊತ್ತಾಯಿತು. ಆ ಗಿಟಾರಿಗನ ಬಗ್ಗೆ ನಾನು ಒಂದು ಇಡೀ ಭಾನುವಾರ ಮಾತಾಡಿದ್ದೆ. "ಇಂಥವನ ಹೆಸರು ಯಾರ ಬಾಯಲ್ಲೂ ಇಲ್ಲವಲ್ಲ" ಎಂದು ಗೋಳಾಡಿದ್ದೆ. ಈಗ ಆ ಹೆಸರು ನನ್ನ ಬಾಯಿಗೆ ಬಂತು, ನುಂಗಿದೆ. "ಗೊತ್ತಾಗ್ತಿಲ್ಲ" ಎಂದೆ. ಹದಿನೈದು ವರ್ಷ ಕಿವಿಯಲ್ಲೇ ಗುರುವನ್ನು ಕಟ್ಟಿಕೊಂಡವನಿಗೆ ಗುರುವಿನ ಹೆಸರು ಹೇಳಲು ನನಗೆ ಏನು ದಾಡಿ? ಆ ಹೊತ್ತಿಗೆ ನನಗೆ ಇಷ್ಟೇ ಅನ್ನಿಸಿದ್ದು: ಇವನಿಗೆ ಎಲ್ಲ ಐತೆ, ಇದೊಂದಾದರೂ ನನ್ನ ಹತ್ತಿರ ಇರಲಿ.

ಮೋಟಾರು ನಾಲ್ಕು ದಿನದಲ್ಲಿ ಸಿಕ್ಕಿತು. ಕೆಲಸ ಹೂವಿನಷ್ಟು ಚೊಕ್ಕಟ. ಆಮೇಲೆ ನಾನು ಮೋಟಾರಿಲ್ಲದೆಯೂ ಹೊನ್ನವಳ್ಳಿಗೆ ಹೋಗತೊಡಗಿದೆ. ಅಂಥ ನುಡಿಸಾಣಿಕೆ ಹನ್ನೆರಡು ಕಿಲೋಮೀಟರಿನಾಚೆ ನಡೆಯುತ್ತಿರುವಾಗ ಮನೆಯಲ್ಲಿ ಕೂರುವುದು ಹೇಗೆ? ಹೋಗುತ್ತಿದ್ದೆ, ಕೇಳುತ್ತಿದ್ದೆ, ಉರಿದುಕೊಳ್ಳುತ್ತಿದ್ದೆ, ಬರುತ್ತಿದ್ದೆ. ಹುಣ್ಣಿನ ಮೇಲಿನ ಹಕ್ಕಳೆ ಕೀಳುವ ಸುಖ ಅದು.

ಪ್ರತಿ ಸಲವೂ ನುಡಿಸಿ ಮುಗಿಸಿ ಅವನು ನನ್ನ ಮುಖ ನೋಡುತ್ತಿದ್ದ. "ಸರಿ ಐತಾ ಮೇಷ್ಟ್ರೇ?"

ಅವನ ಲೋಕದಲ್ಲಿ ಈ ಸಂಗೀತ ಗೊತ್ತಿದ್ದವನು ನಾನೊಬ್ಬನೇ. ಮನೆಯವರು ಅದನ್ನು "ಗೊರಗೊರ" ಎನ್ನುತ್ತಿದ್ದರು, ಮೋಟಾರು ತಂದವರು "ಮೊದ್ಲು ನಮ್ ಕೆಲ್ಸ ಮಾಡಪ್ಪ" ಎನ್ನುತ್ತಿದ್ದರು. ಹಾಗಾಗಿ ನನ್ನ ಬಾಯಿಂದ ಬಂದದ್ದೇ ಅವನಿಗೆ ತೀರ್ಪು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ನಾನು ಅಳತೆ ಮಾಡಿ ಮಾತಾಡುತ್ತಿದ್ದೆ. "ಪರವಾಗಿಲ್ಲ. ಶ್ರುತಿ ಒಂಚೂರು ಮೇಲೈತೆ" ಎಂದೆ ಒಂದು ಸಲ. ನಿಜವೇ, ಟ್ರಾನ್ಸ್‌ಫಾರ್ಮರಿನ ಶ್ರುತಿ ನಮ್ಮ ಶ್ರುತಿಗಿಂತ ಒಂದು ಎಳೆ ಮೇಲೆ. ನಾನು ಮುಂದಿನ ಸಲ ಹೋಗುವಷ್ಟರಲ್ಲಿ ಅವನು ಫೋನಿನಲ್ಲಿ ಶ್ರುತಿ ನೋಡುವುದನ್ನು ಕಲಿತು, ಎಲ್ಲ ತಂತಿ ಇಳಿಸಿ ಕಟ್ಟಿದ್ದ. ಈಗಂತೂ ಇನ್ನೂ ಚೆನ್ನಾಗಿತ್ತು. "ತಾಳ ಒಸಿ ನೋಡ್ಕೊ" ಎಂದು ಹೇಳಿ ಎದ್ದು ಬಂದೆ.

ಮನೆಗೆ ಬಂದು ನನ್ನ ಗಿಟಾರ್ ಹಿಡಿದರೆ ನನಗೇ ಬೇಸರ. ನನ್ನದು ಅವನದಕ್ಕಿಂತ ಹತ್ತು ಪಾಲು ಒಳ್ಳೆಯ ವಾದ್ಯ. ಹಾಗಾದರೆ ಆ ನಾದ ಎಲ್ಲಿಂದ? ಯೋಚಿಸಿ ಯೋಚಿಸಿ ನನಗೆ ಹೊಳೆಯಿತು: ಪಿಕಪ್! ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಒಂದು ಕಾಯಿಲ್ ಇರುತ್ತದೆ, ಅಯಸ್ಕಾಂತಕ್ಕೆ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿದ್ದು. ತಂತಿಯ ನಡುಕವನ್ನು ಕರೆಂಟಿಗೆ ತಿರುಗಿಸುವುದು ಅದೇ. ಅವನು ತನ್ನ ಗಿಟಾರಿನ ಕಾಯಿಲ್ಲನ್ನು ಹಳೆಯ ಸ್ಟಾರ್ಟರುಗಳ ತಂತಿ ಬಿಚ್ಚಿ ತಾನೇ ಕಟ್ಟಿಕೊಂಡಿದ್ದ. ಗುಟ್ಟು ಅಲ್ಲೇ ಇದೆ ಎಂದು ನನಗೆ ಖಾತ್ರಿಯಾಯಿತು.

ನಮ್ಮ ತೆಂಗಿನ ಸೀಮೆಯವರ ಬುದ್ಧಿಯೇ ಹೀಗೆ. ನೀರು ಕಡಿಮೆ ಬಂತೋ, ಮೋಟಾರು ಎತ್ತಿಸು, ಕಾಯಿಲ್ ಕಟ್ಟಿಸು. ಚೈನ್ ಪುಲ್ಲಿ ತರಿಸಿ, ಆಳು ಕರೆಸಿ, ಇಪ್ಪತ್ತು ಪೈಪು ಎತ್ತಿಸಿ, ಚೆನ್ನಾಗಿದ್ದ ಮೋಟಾರನ್ನು ಬಿಚ್ಚಿಸಿ ಮತ್ತೆ ಕಟ್ಟಿಸುತ್ತೇವೆ. ತಳದಲ್ಲಿ ನೀರೇ ಇಷ್ಟು ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸು ಬರುವುದಿಲ್ಲ. ನಾನು ಗಿಟಾರಿಗೂ ಅದನ್ನೇ ಮಾಡಿದೆ.

"ನಂಗೂ ನಿಂದರ ತರದ್ದೇ ಒಂದು ಕಟ್ಕೊಡು" ಎಂದೆ.

ಅವನಿಗೆ ಆದ ಸಂತೋಷ ನೋಡಬೇಕಿತ್ತು. ಒಂದು ವಾರ ಹಗಲೆಲ್ಲ ಬೇರೆ ಮೋಟಾರುಗಳನ್ನು ಬದಿಗೊತ್ತಿ ಕೂತನಂತೆ. ಅಯಸ್ಕಾಂತವನ್ನು ಹ್ಯಾಂಡ್ ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ, ಬೆರಳ ಸಂದಿಯಲ್ಲಿ ತಂತಿಯನ್ನು ಹಿಡಿದು, ಹರಿದರೆ ಮತ್ತೆ ಮೊದಲಿಂದ. "ನಂದಕ್ಕಿಂತ ಚೆನ್ನಾಗಿ ಕಟ್ಟಿವ್ನಿ ಮೇಷ್ಟ್ರೇ. ನಂದು ಕಲಿಯಾಕೆ ಕಟ್ಟಿದ್ದು, ಇದು ನಿಮಗೆ ಅಂತ ಕಟ್ಟಿದ್ದು" ಎಂದು ತಾನೇ ನನ್ನ ಗಿಟಾರಿಗೆ ಕೂಡಿಸಿಕೊಟ್ಟ.

ಮನೆಗೆ ತಂದು, ಬಾಗಿಲು ಹಾಕಿಕೊಂಡು ನುಡಿಸಿದೆ. ಕೇಳಿಸಿದ್ದು ನಾನೇ. ಮೊದಲಿಗಿಂತ ಸ್ಪಷ್ಟವಾಗಿ ನಾನು, ಮೊದಲಿಗಿಂತ ಜೋರಾಗಿ ನಾನು. ನನ್ನ ಆತುರ, ನನ್ನ ಬಿಗಿ ಬೆರಳು, ಸ್ವರ ನೆಲೆನಿಲ್ಲುವುದರೊಳಗೆ ಮುಂದಕ್ಕೆ ಓಡುವ ನನ್ನ ಚಾಳಿ, ಎಲ್ಲವನ್ನೂ ಆ ಕಾಯಿಲ್ ಒಂದೂ ಬಿಡದೆ ಎತ್ತಿ ತೋರಿಸಿತು. ಹೆಂಡತಿ ಬಾಗಿಲು ತೆಗೆದು ನೋಡಿದಳು.

"ಇದಕ್ಕಾ ಒಂದು ವಾರದಿಂದ ಕುಣೀತಿದ್ದಿದ್ದು?"

"ಇನ್ನೂ ಪಳಗಬೇಕು ಕಣೇ. ಹೊಸದು."

"ಮೋಟಾರು ಬದಲಾಯಿಸಿದ್ರೆ ಬಾವೀಲಿ ನೀರು ಬರ್ತದಾ?" ಎಂದಳು. ಅವಳಿಗೆ ಗಿಟಾರಿನ ತಲೆಬುಡ ಗೊತ್ತಿಲ್ಲ, ಆದರೆ ನಾನು ಗೊತ್ತು. "ಹೊಟ್ಟೆಕಿಚ್ಚು ಕಣ್ರೀ ನಿಮಗೆ. ಆ ವೈಂಡಿಂಗ್‌ನೋನ ಮನೇಯಿಂದ ಬಂದಾಗೆಲ್ಲ ಊಟ ಸೇರಲ್ಲ, ನಾನು ನೋಡಿಲ್ವಾ?"

"ಬಾಯ್ಮುಚ್ಚು" ಎಂದೆ. ಅವತ್ತು ಊಟ ಸೇರಲೂ ಇಲ್ಲ.

ಆಮೇಲೊಂದು ಮಧ್ಯಾಹ್ನ ಅವನು ಕೇಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನುಡಿಸುತ್ತಿದ್ದುದನ್ನು ನಿಲ್ಲಿಸಿ, ಬೆರಳಿನ ಬುಷ್ ತೆಗೆದು, ಅದನ್ನು ತಿರುಗಿಸುತ್ತ ಕೂತಿದ್ದ. ನನ್ನ ಮುಖ ನೋಡದೆ ಹೇಳಿದ: "ಮೇಷ್ಟ್ರೇ, ನಿಮ್ ಭಾನುವಾರದ ಜನರ ಮುಂದೆ ನಾನೂ ಒಂದ್ಸಲ ನುಡಿಸ್ಬೋದಾ? ಹತ್ ನಿಮಿಷ ಸಾಕು. ಅದೂ ನಾನು ಆ ಮಟ್ಟಕ್ಕೆ ಬಂದಿವ್ನಿ ಅಂತ ನಿಮಗೆ ಅನ್ಸಿದ್ರೆ. ಇಲ್ಲಾಂದ್ರೆ ಬ್ಯಾಡ. ನಂಗೆ ಅದೊಂದು ಗೊತ್ತಾಗ್ಬೇಕು, ಇದು ಸಂಗೀತನಾ, ಇಲ್ಲಾ ಸುಮ್ನೆ ಗೊರಗೊರನಾ ಅಂತ."

ಅವನಿಗೆ ಬೇಕಿದ್ದದ್ದು ಅಷ್ಟೇ. ಕೀರ್ತಿ ಬೇಡ, ವಿಡಿಯೋ ಬೇಡ, ಹತ್ತು ನಿಮಿಷ ಮತ್ತು ಒಂದು ಹೌದು. ಆ ಹೌದು ನನ್ನ ನಾಲಿಗೆಯ ತುದಿಯಲ್ಲಿತ್ತು. ಆದರೆ ನನ್ನ ಕಣ್ಣ ಮುಂದೆ ಬಂದದ್ದು ಆ ಮಹಡಿ. ಹಲ್ಲಿನ ಡಾಕ್ಟರು, ಬ್ಯಾಂಕಿನವರು, ಹುಡುಗರು. ಇವನು ಒಂದು ಸ್ವರ ಜಾರಿಸುತ್ತಾನೆ, ಅವರೆಲ್ಲ ಮುಂದಕ್ಕೆ ಬಾಗುತ್ತಾರೆ, ಆಮೇಲೆ ಅವರು ನನ್ನ ಕಡೆ ತಿರುಗಿ ನೋಡುತ್ತಾರೆ. ಇಪ್ಪತ್ತು ವರ್ಷ ಕಂಬದ ಮರೆಯಲ್ಲಿ ನಿಂತು ಗಳಿಸಿದ ಒಂದೇ ಒಂದು ಜಾಗ ಅದು, ಜನ ನನ್ನನ್ನು ನೋಡುವ ಜಾಗ. ಅದನ್ನೂ ಬಿಟ್ಟುಕೊಡಬೇಕೇ?

"ನೋಡಾನ ತಡಿ" ಎಂದೆ. "ಇನ್ನೊಂಚೂರು ಪಕ್ವ ಆಗ್ಲಿ."

"ಹೂಂ, ಆಗ್ಲಿ" ಎಂದ, ನಾನು ಏನೋ ದೊಡ್ಡ ಉಪಕಾರ ಮಾಡಿದ ಹಾಗೆ. ಹಾಗೆ 'ನೋಡಾನ' ಎನ್ನುತ್ತ ಒಂದು ವರ್ಷ ದೂಡಿದೆ.

ನಮ್ಮ ಯೂಟ್ಯೂಬ್ ನೋಡಿ ರೇಡಿಯೋದವರೊಬ್ಬರು ಬಂದರು. ಚುರುಕಾದ ಹೆಣ್ಣುಮಗಳು, ಕೈಯಲ್ಲಿ ರೆಕಾರ್ಡರು. ನನ್ನ ಭಾನುವಾರದ ಮಾತನ್ನು ಪೂರ್ತಿ ಹಿಡಿದುಕೊಂಡು, ಕೊನೆಗೆ ಸಂದರ್ಶನ ಎಂದಳು. ಅವತ್ತೇ ಬೆಳಿಗ್ಗೆ ನನ್ನ ಆಂಪ್ ಹಮ್ ಹೊಡೆಯತೊಡಗಿತು, ಅಂದರೆ ನುಡಿಸದಿದ್ದರೂ ಗುಂಯ್ ಎನ್ನುವ ರೋಗ. ನನಗೆ ಗೊತ್ತಿದ್ದ ಒಬ್ಬನೇ ವೈದ್ಯನಿಗೆ ಫೋನ್ ಮಾಡಿದೆ. ಅವನು ಹೊನ್ನವಳ್ಳಿಯಿಂದ ಬೈಕಿನಲ್ಲಿ ಟೆಸ್ಟರು, ಇಕ್ಕಳ ಸಮೇತ ಬಂದ. ಅರ್ತಿಂಗ್ ಸಡಿಲವಾಗಿತ್ತು, ಸರಿ ಮಾಡಿ, ಮತ್ತೆ ಕೆಟ್ಟರೆ ಇರಲಿ ಎಂದು ಆಂಪಿನ ಹಿಂದೆಯೇ ಕುಕ್ಕರಗಾಲಿನಲ್ಲಿ ಕೂತ. ಒಗೆದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಅದನ್ನು ನಾನು ಗಮನಿಸಿದ್ದೆ.

ಆ ದಿನ ನಾನು ಬಹಳ ಚೆನ್ನಾಗಿ ಮಾತಾಡಿದೆ. ಲೋಕಕ್ಕೆ ಕಿವಿ ಇಲ್ಲ ಎಂದೆ, ಹಿತ್ತಲ ಗಿಡ ಮದ್ದಲ್ಲ ಎಂದೆ. ರೇಡಿಯೋದ ಹೆಣ್ಣುಮಗಳ ಕಣ್ಣು ಒದ್ದೆಯಾಯಿತು. ಆಮೇಲೆ ಆಕೆ ರೆಕಾರ್ಡರನ್ನು ನನ್ನ ಹತ್ತಿರ ತಂದು ಕೇಳಿದಳು:

"ಸರ್, ಅಲ್ಲೆಲ್ಲೋ ಅಮೆರಿಕದವರು ಇರಲಿ. ನಿಮ್ಮ ಈ ಸೀಮೆಯಲ್ಲೇ ಅಂಥವರು ಯಾರಾದರೂ ಇದ್ದಾರಾ? ಯಾರಿಗೂ ಗೊತ್ತಿಲ್ಲದೆ ನುಡಿಸ್ತಾ ಇರೋರು? ಇದ್ದರೆ ಈಗಲೇ ಹೇಳಿ, ನಾನು ಅವರ ಮನೆಗೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬರ್ತೀನಿ. ಅದನ್ನೂ ಪ್ರಸಾರ ಮಾಡ್ತೀವಿ."

ಅವನು ನನ್ನಿಂದ ನಾಲ್ಕು ಮಾರು ದೂರದಲ್ಲಿದ್ದ. ಆ ಹೊತ್ತಿಗೆ ಅವನಿದ್ದದ್ದು ಮರೆತೇ ಹೋಗಿತ್ತು ಎಂದು ಬರೆದರೆ ಯಾರೂ ನನ್ನನ್ನು ಹಿಡಿದು ಕೇಳುವುದಿಲ್ಲ. ಮರೆತಿರಲಿಲ್ಲ. ಆಂಪಿನ ಅಂಚಿನ ಮೇಲೆ ಅವನ ಬಿಳಿ ಅಂಗಿಯ ಹೆಗಲು ನನಗೆ ಕಾಣುತ್ತಿತ್ತು, ಅದು ಸ್ವಲ್ಪ ಮೇಲಕ್ಕೆ ಎದ್ದದ್ದೂ ಕಂಡಿತು.

"ಇಲ್ಲಮ್ಮ" ಎಂದೆ. "ನಮ್ಮ ಕಡೆ ಅಂಥವರು ಯಾರೂ ಇಲ್ಲ. ಇದ್ದಿದ್ರೆ ನಾನೇ ಕೈ ಹಿಡಿದು ಕರ್ಕೊಂಡು ಬಂದು ಇಲ್ಲಿ ಕೂರಿಸ್ತಿದ್ದೆ."

ಜನ ಚಪ್ಪಾಳೆ ತಟ್ಟಿದರು. ಎಲ್ಲ ಮುಗಿದು ಚಹಾ ಕುಡಿಯುವಾಗ ಅವನು ಟೆಸ್ಟರನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದ. "ಹಮ್ ಹೋಯ್ತು ಮೇಷ್ಟ್ರೇ. ಇನ್ನೇನೂ ತೊಂದ್ರೆ ಇಲ್ಲ. ಬತ್ತೀನಿ" ಎಂದ. ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಚಹಾ ಕುಡಿದು ಹೋಗು ಎಂದೆ. ಮೋಟಾರು ಬಿಚ್ಚಿಟ್ಟು ಬಂದಿದ್ದೇನೆ ಎಂದು ಮೆಟ್ಟಿಲಿಳಿದು ಹೋದ.

ಸಂದರ್ಶನ ಪ್ರಸಾರವಾಯಿತು. ಫೋನುಗಳೇ ಫೋನುಗಳು. "ಕಾಣದೇ ಇರೋರ ಪರವಾಗಿ ಮಾತಾಡೋಕೂ ಒಂದು ಹೃದಯ ಬೇಕು ಸಾರ್" ಎಂದರು ಒಬ್ಬರು. ನನ್ನ ಹೆಂಡತಿ ಅಡಿಗೆ ಮನೆಯಲ್ಲಿ ಮುದ್ದೆ ತಿರುವುತ್ತ ಪೂರ್ತಿ ಕೇಳಿಸಿಕೊಂಡಿದ್ದಳು. 'ಯಾರೂ ಇಲ್ಲ' ಎಂಬ ಮಾತು ಬಂದಾಗ ಕೋಲು ನಿಲ್ಲಿಸಿ, "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದಳು. ಮತ್ತೆ ಮುದ್ದೆ ತಿರುವಿದಳು. ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನಾಲ್ಕೈದು ತಿಂಗಳು ನಾನು ಹೊನ್ನವಳ್ಳಿಯ ದಾರಿ ಹಿಡಿಯಲಿಲ್ಲ. ಮತ್ತೆ ನಮ್ಮ ಮೋಟಾರು ಸುಟ್ಟಾಗ ವಿಧಿಯಿಲ್ಲದೆ ಹೋದೆ. ಮಧ್ಯಾಹ್ನವೇ ಹೋದೆ, ಅದೇ ಹೊತ್ತಿಗೆ. ತ್ರೀ ಫೇಸ್ ಹೋಗಿತ್ತು, ಊರು ಗಪ್‌ಚಿಪ್ ಇತ್ತು, ಶೆಡ್ಡಿನಿಂದ ಏನೂ ಕೇಳಿಸುತ್ತಿರಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. ನನ್ನನ್ನು ಕಂಡು ಖುಷಿಯಾಗಿ ಎದ್ದ, ಮೋಟಾರು ಇಳಿಸಿಕೊಂಡ. ಗೋಡೆಯ ಮೇಲೆ ಗಿಟಾರು ಇರಲಿಲ್ಲ.

"ಎಲ್ಲೋ ನಿನ್ ಗಿಟಾರು?"

"ಅದಾ? ಹಂದನಕೆರೆ ನಾಟಕದೋರು ಬಂದಿದ್ರು, ಕೊಟ್ಬುಟ್ಟೆ. ಅದ್ಯಾವ್ದೋ ಪಾತ್ರ ಸಿಟಿ ಹುಡುಗಂದಂತೆ, ಕೈಯಾಗೆ ಗಿಟಾರು ಇರ್ಬೇಕಂತೆ. ಸದ್ದು ಬರ್ದಿದ್ರೂ ಆಯ್ತದೆ ಅಂದ್ರು. ಕಾಯಿಲ್ ಬಿಚ್ಕಂಡು ಬರೀ ಮರ ಕೊಟ್ಟೆ."

ಈಗ ಬರೆಯಬೇಕಾದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿದಾಗ ನನಗೆ ಮೊದಲು ಆದದ್ದು ನೆಮ್ಮದಿ. ಎದೆಯ ಮೇಲಿಂದ ಒಂದು ಮೂಟೆ ಕೊಬ್ಬರಿ ಇಳಿಸಿದ ಹಾಗೆ. ಸಂಕಟ ಬಂದದ್ದು ಆಮೇಲೆ, ಅದೂ ನಿಧಾನವಾಗಿ.

"ಯಾಕ್ಲಾ ಹಂಗೆ ಮಾಡ್ದೆ?" ಎಂದೆ.

"ನಂಗೆ ಗೊತ್ತಾಯ್ತಲ್ಲ ಮೇಷ್ಟ್ರೇ." ಅವನು ಮೋಟಾರಿನ ಬೋಲ್ಟು ಬಿಚ್ಚುತ್ತಲೇ ಹೇಳಿದ. "ಅವತ್ತು ಆಯಮ್ಮ ಕೇಳಿದ್ರಲ್ಲ, ನೀವು ಯಾರೂ ಇಲ್ಲ ಅಂದ್ರಿ. ಆಗ್ಲೇ ಗೊತ್ತಾಯ್ತು. ನನ್ ಎದುರಿಗೆ ಹೇಳಿದ್ರೆ ನಾನು ನೊಂದ್ಕೊತೀನಿ ಅಂತ ನೀವು ಒಂದು ವರ್ಸದಿಂದ ನೋಡಾನ ನೋಡಾನ ಅಂತಿದ್ರಿ. ಪಾಪ, ನಿಮಗೂ ಎಷ್ಟು ಕಷ್ಟ ಆಗಿರ್ಬೇಕು. ಒಳ್ಳೇದೇ ಆಯ್ತು ಬುಡಿ. ಈಗ ಮಧ್ಯಾಹ್ನ ಒಸಿ ರೆಸ್ಟ್ ಸಿಗ್ತದೆ."

ನಾನು ಆ ಮರದ ಸ್ಟೂಲಿನ ಮೇಲೆ ಕೂತೆ. ಮನುಷ್ಯ ಒಂದು ಸಲವಾದರೂ ನೆಟ್ಟಗೆ ಮಾತಾಡಬೇಕು ಎಂದು ಗಟ್ಟಿಮನಸ್ಸು ಮಾಡಿದೆ. ಹೇಳಿದೆ, ಎಲ್ಲವನ್ನೂ ಹೇಳಿದೆ. ನಾನು ಅವತ್ತು ಹೇಳಿದ್ದು ಸುಳ್ಳು ಎಂದೆ. ನಿನ್ನ ಹಾಗೆ ನುಡಿಸುವವನನ್ನು ನನ್ನ ಜನ್ಮದಲ್ಲಿ ಎದುರಿಗೆ ಕೂತು ಕೇಳಿಲ್ಲ, ನಿನ್ನ ಅರ್ಧ ನನಗೆ ಬರುವುದಿಲ್ಲ, ಹೊಟ್ಟೆಕಿಚ್ಚಿಗೆ ಮುಚ್ಚಿಟ್ಟೆ ಎಂದೆ. ಕ್ಯಾಸೆಟ್ಟಿನೊಳಗಿನವನ ಹೆಸರನ್ನೂ ಹೇಳಿದೆ.

ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ನೋಡಿದ. ಆಮೇಲೆ ನಕ್ಕುಬಿಟ್ಟ, ಪ್ರೀತಿಯಿಂದ.

"ನಿಮಗೆ ನನ್ ಮ್ಯಾಲೆ ಹೊಟ್ಟೆಕಿಚ್ಚಾ? ಸುಮ್ನಿರಿ ಮೇಷ್ಟ್ರೇ" ಎಂದ. "ನನ್ನ ಸಮಾಧಾನಕ್ಕೆ ಅಂತ ಏನೇನೋ ಹೇಳ್ಬ್ಯಾಡಿ. ರೇಡಿಯೋದಾಗೆ ಅಷ್ಟು ಜನರ ಮುಂದೆ ನೀವು ಸುಳ್ಳು ಹೇಳೋರಲ್ಲ, ಅದು ನಂಗೆ ಗೊತ್ತು."

ಎಷ್ಟು ಹೇಳಿದರೂ ನಂಬಲಿಲ್ಲ. ಮೋಟಾರು ನಾಲ್ಕು ದಿನ ಬಿಟ್ಟು ಬನ್ನಿ ಎಂದ, ಆಟೋದವರೆಗೂ ಬಂದು ಕಳಿಸಿದ. ಹಂದನಕೆರೆಗೆ ಹೋಗಿ ಆ ಗಿಟಾರು ಇಸಿದುಕೊಂಡು ಬಂದು ಅವನ ಕೈಗೆ ಕೊಟ್ಟು, ಭಾನುವಾರದ ಜನರ ಮುಂದೆ ಕೂರಿಸಿದರೆ ಆಗ ನಂಬುತ್ತಾನೆ. ಬೈಕಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಇದನ್ನು ಬರೆಯುವ ಹೊತ್ತಿಗೆ ಎರಡು ತಿಂಗಳಾಯಿತು, ನಾನಿನ್ನೂ ಹೋಗಿಲ್ಲ.